ಕಾಲೂರಬೇಡಿ

ಮಾಗುಂಡಿಯ ಗೊಬ್ಬರದಂಗಡಿಯ ಹಿಂದಿನ ಕೋಣೆ, ರಾತ್ರಿ ಎಂಟೂವರೆ.
ಯೂರಿಯಾ ಚೀಲದ ಮೇಲೆ ಹೊಳೆಯನ್ನು ಹಾಸಿ ಕೂತಿದ್ದೇವೆ:
ಹಳೆಯ ಕ್ಯಾಲೆಂಡರಿನ ಬೆನ್ನಿಗೆ, ಪೆನ್ಸಿಲಿನಲ್ಲಿ,
ಇಲ್ಲಿಂದ ಬಾಳೆಹೊನ್ನೂರಿನವರೆಗಿನ ಭದ್ರೆ.

ಡೊಂಕುಗಳನ್ನು ಎಳೆಯುವವನು ಇಸುಬು,
ಅಳಿಸಿ ಮತ್ತೆ ಎಳೆಯುವವಳು ನಾನು.
ಹೋದ ವರ್ಷದ ಹೊಳೆ ಈ ವರ್ಷಕ್ಕೆ ಸಾಕ್ಷಿ ಹೇಳುವುದಿಲ್ಲ.
ಜುಲೈನಲ್ಲೊಂದು ನಂದಿಮರ ಎಡದಂಡೆಗೆ ಉರುಳಿದೆ,
ಅರ್ಧ ಮುಳುಗಿ, ಕೊಂಬೆಗಳನ್ನೆಲ್ಲ ಹರಡಿ.
ನಾವದನ್ನು ಜರಡಿ ಅನ್ನುತ್ತೇವೆ.
ನೀರು ದಾಟುತ್ತದೆ. ಮನುಷ್ಯ ಉಳಿಯುತ್ತಾನೆ.
ಕೆಂಪು ಪೆನ್ನಿಲ್ಲ. ಅಂಗಡಿಯ ಸ್ಟಾಂಪ್ ಪ್ಯಾಡಿಗೆ ಬೆರಳೊತ್ತಿ
ಆ ತಿರುವಿನಲ್ಲೊಂದು ನೇರಳೆ ಹೆಬ್ಬೆಟ್ಟು ಇಟ್ಟೆ.

ನಾಳೆ ಒಂಬತ್ತು ಜನ, ಕಡೂರಿನ ಕೊಬ್ಬರಿ ಮಂಡಿಯವರು.
ಈಜು ಬರುತ್ತಾ, ಕೇಳಿದ್ದೆ ಫೋನಿನಲ್ಲಿ.
ಷಡಕ್ಷರಿ ನಕ್ಕರು: "ಬಾವಿಗೆ ಧುಮುಕಿ ಬೆಳೆದವರು ಮೇಡಂ,
ಬೆನ್ನಿಗೆ ಸೋರೆಬುರುಡೆ ಕಟ್ಟಿಸಿಕೊಂಡದ್ದು ಒಂದೇ ದಿನ."
ನಂಬುತ್ತೇನೆ.
ಆದರೂ ಬಾವಿಯ ನೀರು ಕೂತಿರುತ್ತದೆ,
ಬಂದವರನ್ನು ಮಾತಾಡಿಸುತ್ತದೆ.
ಇದು ನಡೆಯುತ್ತಲೇ ಮಾತಾಡುವ ನೀರು,
ಉತ್ತರಕ್ಕೆ ಕಾಯುವುದಿಲ್ಲ.

ಜಾಕೆಟ್ಟು ಹನ್ನೊಂದು. ಭುಜದಲ್ಲಿ ಹಿಡಿದು ಮೇಲಕ್ಕೆಳೆದರೆ
ಕಿವಿ ಮುಟ್ಟಬಾರದು. ಮುಟ್ಟಿದರೆ ಇನ್ನೊಂದು ಎಳೆತ ಬಿಗಿ.
ಹೊಟ್ಟೆಯಿರುವವರು ಬೈಯುತ್ತಾರೆ, ಬೈಯಲಿ.
ಹೆಲ್ಮೆಟ್ಟು ಹನ್ನೆರಡು, ಒಂದರ ಕೊಂಡಿ ಕಿತ್ತಿದೆ.
ಅದಕ್ಕೆ ದಾರ ಕಟ್ಟಬೇಡ ಇಸುಬು, ಮನೆಗೆ ಒಯ್ಯಿ,
ನಿನ್ನ ಹ್ಯಾಟೆ ಅದರಲ್ಲಿ ಮೊಟ್ಟೆಯಿಡಲಿ.
ಎಸೆಯುವ ಹಗ್ಗ ಇಪ್ಪತ್ತು ಮೀಟರು. ಸಂಜೆ ಶಾಲೆಯ ಬಯಲಲ್ಲಿ
ಗೋಲ್ ಕಂಬಕ್ಕೆ ಹತ್ತು ಸಲ ಎಸೆದೆ, ಏಳು ಸಲ ತಾಗಿತು.
ಏಳು ಅಂದರೆ ಪರೀಕ್ಷೆಯಲ್ಲಿ ಒಳ್ಳೆಯ ಅಂಕ.
ಮತ್ತೆ ಎಸೆದೆ, ಕಂಬ ಕಾಣದಾಗುವವರೆಗೆ.

ಒಂಬತ್ತಕ್ಕೆ ಕಳಸದಿಂದ ಹಿಲಾರಿ:
"ಇಲ್ಲಿ ಬರೀ ಜುಮುರು."
ಕುದುರೆಮುಖ?
"ಕಾಣ್ತಿಲ್ಲ."
ಕಾಣದ್ದೂ ಸುದ್ದಿಯೇ. ಅಲ್ಲಿ ರಾತ್ರಿ ಸುರಿದದ್ದು
ಬೆಳಗಿಗೆ ಇಲ್ಲಿಳಿಯುತ್ತದೆ,
ಟಿಕೆಟಿಲ್ಲದೆ, ಮೊದಲ ಬಸ್ಸಿಗಿಂತ ಮೊದಲು.

ನಾಳೆ ಅವರಿಗೆ ನಾನು ಹೇಳಬೇಕಾದ್ದು ಬಹಳವಿಲ್ಲ.
ಬಿದ್ದರೆ ಅಂಗಾತ. ಪಾದ ಮುಂದೆ, ಬೆರಳು ನೀರಿನ ಮೇಲೆ.
ಏನಾದರೂ ಆಗಲಿ, ಎದ್ದು ನಿಲ್ಲಬೇಡಿ.
ಹುಟ್ಟಿದಂದಿನಿಂದ ಎಲ್ಲರೂ ಹೇಳಿದ್ದು ಇದರ ತಿರುಗುಮುರುಗು:
ನಿನ್ನ ಕಾಲ ಮೇಲೆ ನಿಂತುಕೋ, ಎಲ್ಲಾದರೊಂದು ಕಡೆ ಕಾಲೂರು.
ಇಲ್ಲಿ ಕಾಲೂರಿದರೆ ಎರಡು ಬಂಡೆಯ ನಡುವೆ ಪಾದ ಸಿಕ್ಕಿ
ಹೊಳೆ ಬಂದು ಬೆನ್ನ ಮೇಲೆ ಕೂರುತ್ತದೆ.
ಮೊಣಕಾಲುದ್ದದ ನೀರು ಸಾಕು.

ನನ್ನ ಎಡ ಹರಡಿನ ಗೆರೆಯನ್ನು ಅವರಿಗೆ ತೋರಿಸುವುದಿಲ್ಲ.
ಆ ದಿನ ಇಸುಬು ಎಸೆದ ಹಗ್ಗ
ಮೊದಲ ಸಲ ನನಗೆ ಸಿಕ್ಕಿರಲಿಲ್ಲ.
ಅದನ್ನು ನಾವಿಬ್ಬರೂ ಆಡುವುದಿಲ್ಲ. ಈಗಲೂ ಅವನು
ಪೆನ್ಸಿಲ್ ಮೊನೆ ಮಾಡುತ್ತಿದ್ದಾನೆ, ಆಗಲೇ ಮೊನೆಯಾದದ್ದನ್ನು.

ಬೆಳಗ್ಗೆ ಐದೂವರೆ. ನಮ್ಮ ಅಳತೆಗೋಲು ಬೆಳ್ಳಮ್ಮನ ಒಗೆಯುವ ಕಲ್ಲು.
ಅದರ ಕಾನೂನೂ ಅವಳದೇ:
"ಕಲ್ಲಿನ ಸೊಂಟ ಕಂಡ್ರೆ ಹೋಗಿ,
ಕತ್ತು ಕಂಡ್ರೆ ನನ್ನ ಕೇಳಿ,
ತಲೆಯೇ ಕಾಣದಿದ್ರೆ ಉಪ್ಪಿಟ್ಟು ತಿಂದು ಮನೆಗೆ ಹೋಗಿ."
ಟಾರ್ಚು ಹಾಕಿದೆ. ಕತ್ತು.
ಬೆಳ್ಳಮ್ಮ ಮಗಳ ಬಾಣಂತನಕ್ಕೆ ಕೊಪ್ಪಕ್ಕೆ ಹೋಗಿ ವಾರವಾಯಿತು.

ನೀರಂಚಿಗೊಂದು ಕಡ್ಡಿ ನೆಟ್ಟು ಕೂತಿದ್ದೇನೆ.
ಅರ್ಧ ಗಂಟೆ. ಏರುತ್ತಿದೆಯೋ, ಇಳಿಯುತ್ತಿದೆಯೋ.
ವ್ಯಾನು ಆಲ್ದೂರು ದಾಟಿದೆಯಂತೆ, ಹಾಡು ಜೋರಾಗಿದೆಯಂತೆ.
ಇಸುಬು ಮೇಲೆ ಹೋಟೆಲಿಗೆ ಕೂಗಿ ಹೇಳುತ್ತಿದ್ದಾನೆ
ರವೆ ಹುರಿಯಲು ಹಾಕಿ ಅಂತ.
ಹೇಗಿದ್ದರೂ ಅದು ಬೇಕಲ್ಲ.