ಏಳನೆಯ ತೊಲೆ

ಈ ಸಲದ ಬಡಗಣ ಗಾಳಿ ಹತ್ತು ತೊಲೆ ತಂದಿತ್ತು.
ಸೈಬೀರಿಯಾದ ಯಾವುದೋ ಹೊಳೆಯಲ್ಲಿ ಯಾರದೋ ಕೈಜಾರಿ
ಹಿಮದ ಬೆನ್ನೇರಿ ನಾಲ್ಕೈದು ವರ್ಷ ಅಲೆದು
ತೊಗಟೆ ಕಳೆದುಕೊಂಡು, ಉಪ್ಪು ಕುಡಿದು ಗಟ್ಟಿಯಾಗಿ
ಐಸ್‌ಲ್ಯಾಂಡಿನ ಈ ಮರವಿಲ್ಲದ ಮೂಲೆಗೆ ಬರುತ್ತವೆ.
ಬಂದದ್ದನ್ನು ಎಣಿಸುವುದು,
ಕೊಡಲಿಯಿಂದ ನಮ್ಮ ಮನೆಯ ಗುರುತಿನ ಕಚ್ಚು ಹಾಕುವುದು:
ಅರವತ್ತೊಂದು ವರ್ಷದಿಂದ ಇದೇ ನನ್ನ ಬೇಸಾಯ.
ಬಿತ್ತದ ಬೆಳೆ.

ಏಳನೆಯ ತೊಲೆಯ ಬುಡದಲ್ಲಿ ನಾಯಿ ಬೊಗಳಿತು.
ಸತ್ತ ಸೀಲ್ ಮರಿ ಇರಬೇಕು ಅಂದುಕೊಂಡೆ.
ಸೀಸೆ.
ಶಾಲೆಯಲ್ಲಿ ನಮ್ಮನ್ನು ಸಾಲಾಗಿ ನಿಲ್ಲಿಸಿ
ಮೂಗು ಹಿಡಿದು ಕುಡಿಸುತ್ತಿದ್ದರಲ್ಲ, ಅದೇ ಮೀನೆಣ್ಣೆಯ ಸೀಸೆ.
ಬಿರಡೆಗೆ ಮೇಣ. ಒಳಗೆ ಸುರುಳಿ.
ನಾರ್ವೆಯದೋ ರಷ್ಯದ್ದೋ ಎಂದು
ಕೈಗವಸು ಹಲ್ಲಲ್ಲಿ ಕಚ್ಚಿ ಕಿತ್ತೆ, ಬಿರಡೆ ಜಪ್ಪಯ್ಯ ಅನ್ನಲಿಲ್ಲ.
ಕೊಡಲಿಯ ಕಾವಿನಿಂದ ಕತ್ತು ಮುರಿದೆ,
ಕ್ಷಮೆ ಕೇಳುವವನ ಹಾಗೆ, ಮೆಲ್ಲಗೆ.

ಕಾಗದದ ತುಂಬ ನಮ್ಮದೇ ಭಾಷೆ.

"ಪರದೇಶದ ಬಂಧುವೇ,
ನನಗೆ ಹನ್ನೊಂದು ವರ್ಷ. ನಮ್ಮಲ್ಲಿ ನಲವತ್ತು ಕುರಿ, ಒಂದು ಕುದುರೆ.
ಕುದುರೆ ನನ್ನ ಮಾತು ಕೇಳುವುದಿಲ್ಲ.
ನಿಮ್ಮ ದೇಶದಲ್ಲಿ ಮರಗಳು ನಿಂತೇ ಇರುತ್ತವಂತೆ, ನಿಜವೆ?
ನಮ್ಮಲ್ಲಿ ಎಲ್ಲವೂ ಮಲಗಿಕೊಂಡೇ ಬರುತ್ತವೆ.
ನಿಮ್ಮ ಕಿಟಕಿಯಿಂದ ಏನು ಕಾಣುತ್ತದೆ, ಬರೆಯಿರಿ. ಮರೆಯಬೇಡಿ.
ಸಾಲ್ಬ್ಯೋರ್ಗ್. ಆಗಸ್ಟ್ ೧೯೭೧."

ತಲೆಯೆತ್ತಿದರೆ ಕೊಲ್ಲಿಯಾಚೆ ಅವಳ ಮನೆ.
ಕೆಂಪು ತಗಡು, ಹೊಗೆ, ಒಣಹಾಕಿದ ಬಟ್ಟೆ.
ದೋಣಿಯಲ್ಲಿ ಇಪ್ಪತ್ತು ನಿಮಿಷದ ದಾರಿ.
ಸೀಸೆಗೆ ಐವತ್ತೆರಡು ವರ್ಷ ಹಿಡಿಯಿತು.
ಧ್ರುವ ಸುತ್ತಿ ಬಂತೋ, ಇಲ್ಲೇ ಮರಳಿನಲ್ಲಿ
ನನ್ನ ಕಾಲಡಿಗೇ ಹುಗಿದುಕೊಂಡು ನಿದ್ದೆ ಹೊಡೆಯಿತೋ,
ಸಮುದ್ರ ಬಾಯಿ ಬಿಡುವುದಿಲ್ಲ.

ನಮಗೂ ಆ ಮನೆಗೂ ಮಾತಿಲ್ಲ.
ಒಂದು ತೊಲೆಯ ವ್ಯಾಜ್ಯ.
ನಮ್ಮ ಗುರುತನ್ನು ಅವರು ಹೆರೆದರೆಂದು ನನ್ನಪ್ಪ,
ಗುರುತೇ ಇರಲಿಲ್ಲ, ಅಲೆ ಕೊಟ್ಟದ್ದೆಂದು ಅವಳಪ್ಪ.
ಇಬ್ಬರೂ ಹೋದರು.
ತೊಲೆ ಅವರ ಕುರಿಹಟ್ಟಿಯ ಜಂತಿಯಾಗಿ, ಹುಳ ಹಿಡಿದು, ಅದೂ ಬಿತ್ತು.
ಆಡದ ಮಾತಿಗೆ ಮಾತ್ರ ಹುಳ ಹತ್ತಲಿಲ್ಲ.
ಸಹಕಾರಿ ಅಂಗಡಿಯಲ್ಲಿ ನಾನು ಹಿಟ್ಟಿನ ಕಡೆಯಿದ್ದರೆ
ಅವಳು ಮೊಳೆಗಳ ಕಡೆ.
ಅವಳ ಗಂಡನ ಮಣ್ಣಿಗೂ ನಾನು ಹೋಗಲಿಲ್ಲ. ಸುಳ್ಳು, ಹೋಗಿದ್ದೆ.
ಗೋಡೆಯಾಚೆ ಟೊಪ್ಪಿ ತೆಗೆದು ನಿಂತಿದ್ದೆ. ಮಂಜು ಕವಿದಿತ್ತು.

ರಾತ್ರಿ ಕಾಗದ ತೆಗೆದೆ.
"ನಾನು ಯಾರೆಂದರೆ" ಎಂದು ಬರೆದು ಹೊಡೆದುಹಾಕಿದೆ.
"ನಿನ್ನ ತಂದೆ" ಎಂದು ಬರೆದು ಅದನ್ನೂ.
ಕೇಳಿದವಳಿಗೆ ಹನ್ನೊಂದು ವರ್ಷ. ಕೇಳಿದ್ದಕ್ಕಷ್ಟೇ ಉತ್ತರ:

"ಸಾಲ್ಬ್ಯೋರ್ಗ್, ನಿನ್ನ ಪತ್ರ ತಲುಪಿತು. ತಡವಾಯಿತು.
ನಾನಿರುವ ದೇಶದಲ್ಲೂ ಮರಗಳು ನಿಲ್ಲುವುದಿಲ್ಲ.
ಕುದುರೆಗಳು ಇಲ್ಲೂ ಹಾಗೆಯೇ.
ಕಿಟಕಿಯಿಂದ ನೀರು ಕಾಣುತ್ತದೆ, ನೀರಿನಾಚೆ ಒಂದು ಮನೆ.
ಗುಡ್ಡ ಸೂರ್ಯನನ್ನು ಬಿಟ್ಟುಕೊಡದ ತಿಂಗಳುಗಳಲ್ಲಿ
ಅಲ್ಲಿ ದೀಪ ಹತ್ತಿದ ಮೇಲೆಯೇ ನಾನಿಲ್ಲಿ ಹತ್ತಿಸುವುದು.
ಹೋದ ಫೆಬ್ರವರಿಯಲ್ಲಿ ಎರಡು ರಾತ್ರಿ ಅದು ಹತ್ತಲಿಲ್ಲ.
ಏನಾಗಿತ್ತು?"

ಅಂಚೆಯ ವ್ಯಾನು ಬರುವುದು ಗುರುವಾರ. ಇವತ್ತು ಸೋಮವಾರ.
ಬೆಳಿಗ್ಗೆ ದೋಣಿ ಮಗುಚಿ ನೋಡಿದೆ. ಎಡಮೈಯಲ್ಲಿ ಒಂದು ಸೀಳು,
ಒಂದು ಹಲಗೆ ಸಾಕು.
ದಡದಲ್ಲಿ ಒಂಬತ್ತು ತೊಲೆಗೆ ಕಚ್ಚು ಬಿದ್ದಿದೆ.
ಏಳನೆಯದಕ್ಕೆ ಇನ್ನೂ ಹಾಕಿಲ್ಲ.