ಮಣಿಕಟ್ಟಿನ ಲೆಕ್ಕ

"ಹುಷಾರು ಮೇಡಂ, ಕೇಳೋಕ್ ಮುಂಚೆ ಕೊಡ್ತದೆ ಇದು"
ಅಂದ ಶೋರೂಮಿನ ಹುಡುಗ, ಬೀಗದ ಕೈ ಚಾಚುತ್ತ.
ನನಗೆ ನಗು.
ಹತ್ತೊಂಬತ್ತು ವರ್ಷ ಮಂಡಿಪೇಟೆಯಲ್ಲಿ ಪಿಗ್ಮಿ ಎತ್ತಿದ್ದೇನೆ,
ಕೇಳುವ ಮುಂಚೆ ಕೊಟ್ಟ ಗಲ್ಲಾಪೆಟ್ಟಿಗೆ
ಒಂದನ್ನೂ ಕಂಡಿಲ್ಲ.

ಹಳೆಯದು ಅರವತ್ತು ಸಿಸಿ. ಬದನೆಕಾಯಿ ಬಣ್ಣ,
ಬಿಸಿಲಿಗೆ ಸಿಪ್ಪೆ ಎದ್ದು ಒಳಗಿನ ಬೂದು.
ಕಿವಿ ಪೂರ್ತಿ ಹಿಂಡಿದರೂ
ಅದು ನನ್ನ ಗಿರಾಕಿಗಳ ಹಾಗೆಯೇ:
ಐದು, ಹತ್ತು, ಉಳಿದದ್ದು ನಾಳೆ.
ಅಂಡರ್‌ಬ್ರಿಡ್ಜಿನ ಏರು ಬಂದರೆ
ನಾನೂ ಮುಂದಕ್ಕೆ ಬಾಗಿ, ಹೊಟ್ಟೆ ಒಳಗೆಳೆದುಕೊಂಡು,
ಅರ್ಧ ಭಾರ ನಾನೇ ಹೊತ್ತಂತೆ ಹತ್ತುತ್ತಿದ್ದೆವು.
"ಇನ್ನು ಎಣ್ಣೆ ಕುಡಿಸಬ್ಯಾಡಕ್ಕ, ಬಾಯಿಗೆ ನೀರು ಬಿಡು"
ಅಂತ ದಾದಾಪೀರ್ ಪಾನಾ ಕೆಳಗಿಟ್ಟ ದಿನ
ಸೀಟಿನಡಿ ಸಿಕ್ಕಿದ್ದು
ಮೂರು ರಸೀದಿ, ಒಂದು ಹೇರ್‌ಪಿನ್ನು, ಎಂಟಾಣೆ.

ಹೊಸದು ನೂರಾ ಇಪ್ಪತ್ತೈದು.
ಮೊದಲ ದಿನ ಹಳೇ ರೂಢಿಯಲ್ಲೇ ಕಿವಿ ಹಿಂಡಿದೆ.
ಹಾರಿತು ನೋಡು!
ಕರಿಬಸಪ್ಪನ ಪಾತ್ರೆ ಅಂಗಡಿ ಹೋಯಿತು,
ಹಗ್ಗದ ಅಂಗಡಿ ಹೋಯಿತು, ಬೆಲ್ಲದ ಮಂಡಿ ಹೋಯಿತು,
ನಿಂತಾಗ ಎದುರಿಗೆ ಗಾಜಿನ ತೊಟ್ಟಿಯಲ್ಲಿ
ಬಣ್ಣದ ಮೀನು ಮಾರುವ ಅಂಗಡಿ.
ಇಂಥದ್ದೊಂದು ಇದೆಯೆಂದೇ ಗೊತ್ತಿರಲಿಲ್ಲ.
ಕೆಂಪನೆಯದೊಂದು ಬಾಯಿ ತೆರೆದು ನನ್ನನ್ನೇ ನೋಡಿತು.
ನಾನೂ ಹಾಗೇ ನೋಡಿದೆ.

ಎರಡನೆಯ ದಿನ ಹೊಂಡದ ಸರ್ಕಲ್ಲಿನಲ್ಲಿ
ಹಂಪು ಕಂಡು ಬ್ರೇಕು ಹಿಡಿದವಳು
ಕಿವಿ ಬಿಡುವುದನ್ನು ಮರೆತು ಬಿದ್ದೆ.
ಮೊಣಕೈ ತರಚಿತು, ಚಿಲ್ಲರೆ ಚೀಲ ಬಾಯಿಬಿಟ್ಟಿತು.
ಹೂವಿನ ಹನುಮಕ್ಕ ಆರಿಸಿ ಕೊಟ್ಟಳು. ಎಣಿಸಿದೆ,
ಏಳು ರೂಪಾಯಿ ಕಮ್ಮಿ. ನನ್ನ ಕೈಯಿಂದ ತುಂಬಿದೆ.
"ಗಾಡಿ ದೊಡ್ಡದಾತು ಗುರುಬಸಕ್ಕ, ನೀನು ಅಷ್ಟೇ ಇದ್ದೀ" ಅಂದಳು.

ಒದೆಯುವ ಕಾಲಿಗೀಗ ಕೆಲಸವಿಲ್ಲ,
ಹೆಬ್ಬೆರಳು ಒತ್ತಿದರೆ ಸಾಕು.
ರಾತ್ರಿ ನಿದ್ದೆಯಲ್ಲಿ ಒದೆಯುತ್ತೇನಂತೆ,
ತಂಗಿ ಹಾಸಿಗೆ ದೂರ ಎಳೆದುಕೊಂಡಿದ್ದಾಳೆ.
ಅಶೋಕ ರಸ್ತೆಯ ಗೇಟು ಬಿದ್ದಾಗ ಮಾತ್ರ
ಇನ್ನೂ ಆಫ್ ಮಾಡುವ ಧೈರ್ಯವಿಲ್ಲ.
ಹಳೆಯದು ಒಮ್ಮೆ ಸುಮ್ಮನಾದರೆ
ಗೂಡ್ಸು ಹೋಗಿ, ಗೇಟು ಎದ್ದು,
ಹಿಂದಿನವರೆಲ್ಲ ಬೈದು ಮುಗಿದರೂ
ಏಳುತ್ತಿರಲಿಲ್ಲ.

ದೊಡ್ಡ ತೊಂದರೆ ಬೇರೆ. ಇದಕ್ಕೆ ಸದ್ದಿಲ್ಲ.
ಹಳೆಯದರ ಕೆಮ್ಮು ಚೌಕಿಪೇಟೆ ತಿರುವಿನಲ್ಲೇ ಕೇಳಿ
ಕರಿಬಸಪ್ಪ ಇಪ್ಪತ್ತರ ನೋಟು ತೆಗೆದಿಡುತ್ತಿದ್ದ,
ಟೈಲರ್ ಮಾಲತೇಶ ಹಿಂಬಾಗಿಲಿಂದ
ಚಹಾಕ್ಕೆ ಹೊರಡುತ್ತಿದ್ದ.
ಈಗ ಕರಿಬಸಪ್ಪನಿಗೆ ತಡಬಡ:
"ದೆವ್ವದಂಗೆ ಬಂದ್ಯಲ್ಲವ್ವ!"
ಮಾಲತೇಶ ಹಲ್ಲಲ್ಲಿ ಸೂಜಿ ಕಚ್ಚಿಕೊಂಡೇ ಸಿಕ್ಕಿಬಿದ್ದ.
ಮಾತಾಡಲಾಗದೆ ಜೇಬು ತಡಕಿ
ಹತ್ತರ ಮೂರು ನೋಟು ಕೊಟ್ಟ, ಬೆವರಿಗೆ ಒದ್ದೆಯಾದವು.
ಮಷೀನು ಚೀಟಿ ಉಗುಳಿತು.
ಅವನು ನೋಡಲಿಲ್ಲ.

ಭಾನುವಾರ, ಚೀಲವಿಲ್ಲದೆ, ಬಾತಿ ಗುಡ್ಡಕ್ಕೆ ಹೊರಟೆ.
ದಾರಿಯಲ್ಲಿ ಹೊಳೆಯಿತು,
ಏರುಗಳನ್ನೆಲ್ಲ ಬಿಟ್ಟೇ ಗಿರಾಕಿ ಹಿಡಿದಿದ್ದೆ ಇಷ್ಟು ವರ್ಷ,
ಗಾಡಿ ಹತ್ತದ ಕಡೆ
ಯಾರೂ ದುಡ್ಡು ಉಳಿಸುವುದಿಲ್ಲವೆಂಬಂತೆ.
ಕೈ ನೂಲೆಳೆಯಷ್ಟು ತಿರುಗಿತು. ಹತ್ತಿತು.
ಇನ್ನೊಂದು ನೂಲು.
ಬಾಗಲಿಲ್ಲ, ಹೊಟ್ಟೆ ಎಳೆದುಕೊಳ್ಳಲಿಲ್ಲ,
ಕೂತೇ ಇದ್ದೆ, ಗುಡ್ಡವೇ ಇಳಿದು ಬಂತು.
ಮೇಲೆ ನಿಂತು ನೋಡಿದರೆ
ಮಂಡಕ್ಕಿ ಭಟ್ಟಿಗಳ ಹೊಗೆಯಡಿ ನನ್ನ ಬೀದಿಗಳೆಲ್ಲ
ಅಂಗೈಯಗಲ.
ಇಷ್ಟು ಸಲೀಸಾ? ಅಂತ
ಸಿಟ್ಟೇ ಬಂತು ಮೊದಲು.

ಈಗ ತಿಂಗಳಾಯಿತು. ಮಣಿಕಟ್ಟು ಕಲಿತಿದೆ
ಎಷ್ಟು ಕೇಳಬೇಕು, ಎಲ್ಲಿ ಕೇಳದೆ ಬಿಡಬೇಕು.
ಪಾತ್ರೆ ಅಂಗಡಿಯ ಹತ್ತಿರ ಒಂದು ಹಾರನ್ನು.
ಮಾಲತೇಶನಿಗೆ
ನಾಲ್ಕು ಅಂಗಡಿ ಈಚೆಯೇ ಒಂದು,
ತಡೆದು, ಇನ್ನೊಂದು.
ಮದುವೆ ಸೀಸನ್ನಿಲ್ಲ ಈಗ.
ಹೋಗಿ ಚಹಾ ಕುಡಿಯಲಿ.