ಎರಡು ಬುತ್ತಿಯ ದೂರ

ಪರ್ತ್‌ನಿಂದ ಲಂಡನ್ನಿಗೆ ಹದಿನಾಲ್ಕೂವರೆ ಸಾವಿರ ಕಿಲೋಮೀಟರು
ಅಂತ ಆಫೀಸಿನ ಗೋಡೆ ಮೇಲಿದೆ.
ಹಿಂದಿನ ಅಡುಗೆಮನೆಯಲ್ಲಿ ಅದನ್ನು ಯಾರೂ ಹಾಗೆ ಅಳೆಯುವುದಿಲ್ಲ.
ಬ್ರೂಮ್ ಅಂದರೆ ಒಂದು ಬಿಸ್ಕತ್ತಿನ ಪೊಟ್ಟಣ,
ಸಿಂಗಪುರ ಒಂದು ಊಟ,
ಲಂಡನ್ ಎರಡು ಊಟ, ನಡುರಾತ್ರಿ ಹಸಿದವರಿಗೆ
ಒಂದು ಸ್ಯಾಂಡ್‌ವಿಚ್, ಒಂದು ಸೇಬು.

ನನಗಿದು ಹೊಸದಲ್ಲ.
ಬಳೆ ಮಲಾರ ಹೊತ್ತು ತಿರುಗುತ್ತಿದ್ದ ನನ್ನಜ್ಜಿ ಶಂಕ್ರವ್ವನಿಗೆ
ಮೈಲಿಗಲ್ಲು ಓದಲು ಬರುತ್ತಿರಲಿಲ್ಲ.
ಗುಳೇದಗುಡ್ಡ ಒಂದು ಬುತ್ತಿ,
ಬಾದಾಮಿ ಒಂದೂವರೆ,
ಅದರಾಚೆಯ ಊರಿನವರು
ಬರಿಗೈಲೇ ಇರಲಿ ಬಿಡು, ಅನ್ನುತ್ತಿದ್ದಳು.

ಸಂಜೆ ಆರೂಮುಕ್ಕಾಲಿಗೆ ವಿಮಾನ ಮೇಲೇಳುತ್ತದೆ.
ನಾನು ತಲೆಗೆ ಕಟ್ಟಿದ ಬಲೆ ಬಿಚ್ಚಿ, ಬೆಲ್ಮಾಂಟಿನ ಮನೆಗೆ ಹೋಗಿ,
ಸಾರಿಗೆ ಒಗ್ಗರಣೆ ಹಾಕಿ, ಉಂಡು, ಮಲಗಿ, ಎದ್ದು,
ಯೂನಿಫಾರ್ಮು ಒಗೆದು ಹರವಿದರೂ
ಅದು ಇನ್ನೂ ಎಲ್ಲೋ ತುರ್ಕಿಯ ಮೇಲೆ.
ಹಾರಿದ್ದು ಹದಿನೇಳು ಗಂಟೆ,
ಇಳಿದವರ ಗಡಿಯಾರದಲ್ಲಿ ಕಳೆದದ್ದು ಹತ್ತೇ.
ಉಳಿದ ಏಳು ಎಲ್ಲಿ ಹೋದವು? ತುಯೆಟ್‌ಳನ್ನು ಕೇಳಿದೆ.
ಕಸದ ಚೀಲದಲ್ಲಿ ಹುಡುಕು, ಅಂದಳು.

ಕಳೆದ ಜೂನಿನ ಒಂದು ರಾತ್ರಿ
ಕಡಲ ಮೇಲೆ ಯಾರಿಗೋ ಎದೆನೋವು.
ಮೂರು ಗಂಟೆ ಹೋದದ್ದು ಮೂರು ಗಂಟೆ ಹಿಂದಕ್ಕೆ ಬಂತು,
ಪರ್ತ್‌ನಿಂದ ಪರ್ತ್‌ಗೆ ಆರು ಗಂಟೆಯ ದಾರಿ.
ಕಿಲೋಮೀಟರು ಎಷ್ಟೆಂದು ಬರೆಯುವುದು?

ಫೋನು ಮಾಡಿ ನಮ್ಮನ್ನು ಎಬ್ಬಿಸಿದರು.
ಬಂಡಿಗಳು ಇಳಿದವು. ಮೊದಲನೆಯದು ಉಂಡ ತಟ್ಟೆ,
ಎರಡನೆಯದನ್ನು ಯಾರೂ ಮುಟ್ಟಿಲ್ಲ,
ಮುಚ್ಚಳದ ಮೇಲೆ ನಾನೇ ಅಂಟಿಸಿದ ಚೀಟಿ
ಒಂದಿಷ್ಟೂ ಎದ್ದಿಲ್ಲ.
ಮೊಟ್ಟೆ, ಅಣಬೆ, ಅರ್ಧ ಟೊಮೇಟೊ, ಇನ್ನೂರ ಮೂವತ್ತು ಸಲ,
ಎಲ್ಲ ತಿಪ್ಪೆಗೆ. ಕಾನೂನು ಹಾಗಿದೆ.

ಉಂಡ ತಟ್ಟೆಯೊಂದರಲ್ಲಿ
ಸಾಸಿವೆಯ ಕಲೆಯಾದ ಕಾಗದದ ಕರವಸ್ತ್ರ.
ಅದರ ಮೇಲೆ ಪೆನ್ನಿನಲ್ಲಿ:
ಇಳಿಯುವುದು ಐದು.
ರೈಲು ಆರೂವರೆ.
ಆಸ್ಪತ್ರೆ ಎಂಟು.
ಎಂಟರ ಕೆಳಗೆ ಎರಡು ಗೆರೆ,
ಶಾಲೆಯಲ್ಲಿ ಉತ್ತರದ ಕೆಳಗೆ ಎಳೆಯುತ್ತಿದ್ದೆವಲ್ಲ, ಹಾಗೆ.

ಮತ್ತೆ ಹೊರಡುವುದು ಬೆಳಿಗ್ಗೆ ಹತ್ತಕ್ಕೆ.
ಕೈಗವಸು ತೆಗೆದು ನಾನೂ ಕೂಡಿಸಿದೆ.
ಇಳಿಯುವುದು ರಾತ್ರಿ ಎಂಟು,
ರೈಲು ಒಂಬತ್ತೂವರೆ, ಆಸ್ಪತ್ರೆ ಹನ್ನೊಂದು.
ಆ ಹೊತ್ತಿಗೆ ಒಳಗೆ ಬಿಡುತ್ತಾರೋ ಇಲ್ಲವೋ.
ಗೆರೆ ಎಳೆಯಲಿಲ್ಲ.

ಯಾರೆಂದು ಗೊತ್ತಿಲ್ಲ, ಯಾವ ಸೀಟೆಂದೂ.
ಬುತ್ತಿಯ ಗಂಟಿನ ತುದಿಗೆ ಅಜ್ಜಿ
ಒಂದು ಹಿಡಿ ಶೇಂಗಾ ಬೇರೆ ಕಟ್ಟುತ್ತಿದ್ದಳು;
ಊರಿಗೆ ಅಲ್ಲ ಅದು, ದಾರಿ ತಪ್ಪಿದರೆ.
ತುಯೆಟ್ ಆ ಕಡೆ ತಿರುಗಿದಾಗ
ಒಂದೊಂದು ಬಂಡಿಗೂ ಒಂದೊಂದು ಸೇಬು ತುರುಕಿದೆ.

ಬೆಳಗಾದ ಮೇಲೆ ಗ್ರೇಮ್ ಪಟ್ಟಿ ಹಿಡಿದು ಬಂದ.
ಒಂಬತ್ತು ಸೇಬು ಕಡಿಮೆ ಬೀಳುತ್ತಿದೆ, ಅಂದ.
ದಾರಿ ಉದ್ದವಾಯಿತು, ಅಂದೆ.